ಎಂಜಿನ್ ತನಕದ ದಾರಿ: ಹೊಸ ಭಾಗ ಕೂರಿಸಲು ಸುತ್ತಲಿನದನ್ನು ಬಿಚ್ಚುವ ಕ್ರಮ

ಕಾರಿನ ಮೂಲ ಟರ್ಬೊಚಾರ್ಜರ್ (ಹೊರಹೋಗುವ ಹೊಗೆಯ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ತೆಗೆದು ಅದಕ್ಕಿಂತ ದೊಡ್ಡದನ್ನು ಕೂರಿಸುವ ಕೆಲಸವನ್ನು ಕಾಗದದ ಮೇಲೆ ಬರೆದರೆ ನಾಲ್ಕಾರು ನಟ್, ಎರಡು ಆಯಿಲ್ ಕೊಳವೆ, ಎರಡು ಕೂಲೆಂಟ್ ಕೊಳವೆ ಮತ್ತು ಕೆಲವು ಗ್ಯಾಸ್ಕೆಟ್‌ಗಳಲ್ಲಿ ಮುಗಿದುಹೋಗುತ್ತದೆ. ಬಾನೆಟ್ ಎತ್ತಿ ನೋಡಿದರೆ ಆ ನಟ್‌ಗಳಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ. ಏರ್ ಫಿಲ್ಟರ್ ಪೆಟ್ಟಿಗೆ, ಬ್ಯಾಟರಿ, ಶಾಖ ತಡೆಯುವ ತಗಡು, ವೈಪರ್ ಕೆಳಗಿನ ತಟ್ಟೆ, ಕೆಲವು ಕಾರುಗಳಲ್ಲಿ ಒಂದು ಬದಿಯ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್ ಮತ್ತು ಎಂಜಿನ್ನಿನ ಕೆಳಗಿನ ಸಬ್‌ಫ್ರೇಮ್ ಕೂಡ ಸರಿದ ಮೇಲೆಯೇ ಕೈ ಅಲ್ಲಿಗೆ ತಲುಪುತ್ತದೆ. ಹೊಸ ಭಾಗ ಕೂರಿಸಲು ಒಂದು ಗಂಟೆ ಸಾಕಾದರೂ ಅಲ್ಲಿಯ ತನಕ ಹೋಗಿ, ಹೋದ ದಾರಿಯಲ್ಲೇ ಮರಳಲು ಇಡೀ ದಿನ ಬೇಕಾಗುವುದು ಈ ಕೆಲಸದ ಸಹಜ ಲೆಕ್ಕ. ಕಾರು ತಯಾರಕರಲ್ಲದೆ ಬೇರೆಯವರು ಮಾಡುವ, ಆಫ್ಟರ್‌ಮಾರ್ಕೆಟ್ ಎಂದು ಕರೆಯುವ ಈ ಭಾಗಗಳ ಜೊತೆ ಬರುವ ಸೂಚನಾಪತ್ರಗಳು ಸಾಮಾನ್ಯವಾಗಿ ಆ ಒಂದು ಗಂಟೆಯ ಕೆಲಸವನ್ನು ಚಿತ್ರಸಹಿತ ವಿವರಿಸಿ, ಉಳಿದದ್ದನ್ನು ‘ಅಡ್ಡ ಬರುವ ಭಾಗಗಳನ್ನು ತೆಗೆಯಿರಿ’ ಎಂಬ ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಈ ಲೇಖನ ಆ ಒಂದು ಸಾಲಿನ ವಿವರಣೆ.

ಎಂಜಿನ್ ಸುತ್ತ ಇಷ್ಟೊಂದು ಇಕ್ಕಟ್ಟು ಬಂದದ್ದು ಯಾರದೋ ಅಜಾಗರೂಕತೆಯಿಂದಲ್ಲ. 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ಕಾರು ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೆ ಸೇರಿಸಿ, ಕಾರಿನ ಉದ್ದದ ಬಹುಪಾಲನ್ನು ಪ್ರಯಾಣಿಕರಿಗೆ ಬಿಟ್ಟುಕೊಟ್ಟಿತು. 1964ರ ಆಟೋಬಿಯಾಂಕಿ ಪ್ರಿಮುಲಾ ಕಾರಿನಲ್ಲಿ ದಾಂತೆ ಜಕೋಸಾ ಗೇರ್‌ಬಾಕ್ಸನ್ನು ಎಂಜಿನ್ನಿನ ತುದಿಗೆ ಸೇರಿಸಿ, ಎರಡು ಬದಿಗೂ ಅಸಮ ಉದ್ದದ ಡ್ರೈವ್‌ಶಾಫ್ಟ್ ಕೊಟ್ಟರು. ಇಂದಿನ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಹೆಚ್ಚಿನವು ಇದೇ ಜೋಡಣೆಯವು. ಒಳಗೆ ಕುಳಿತವರಿಗೆ ಇದರಿಂದ ಸಿಕ್ಕ ಜಾಗವು ಪಾನಾ ಹಿಡಿದವರ ಕೈಯಿಂದ ಹೋದ ಜಾಗ. ಅಡ್ಡ ಎಂಜಿನ್ನಿನ ಒಂದು ಮಗ್ಗುಲು ರೇಡಿಯೇಟರ್ ಕಡೆಗೂ ಇನ್ನೊಂದು ಮಗ್ಗುಲು ಪ್ರಯಾಣಿಕರ ಕೋಣೆಯ ಗೋಡೆಯ ಕಡೆಗೂ ಇರುತ್ತದೆ. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ನಿಷ್ಕಾಸದ ಮ್ಯಾನಿಫೋಲ್ಡ್ ಆ ಗೋಡೆಯ ಕಡೆಗಿದ್ದರೆ ಮೇಲಿನಿಂದ ಅದನ್ನು ತಲುಪುವುದು ಹೆಚ್ಚುಕಡಿಮೆ ಅಸಾಧ್ಯ. ಅಡ್ಡಲಾಗಿ ಕೂತ ವಿ6 ಎಂಜಿನ್‌ಗಳಲ್ಲಿ ಹಿಂಬದಿಯ ಮೂರು ಸ್ಪಾರ್ಕ್ ಪ್ಲಗ್ ಬದಲಿಸಲೂ ಗಾಳಿಯ ಮ್ಯಾನಿಫೋಲ್ಡ್ ಇಳಿಸಬೇಕಾಗುವುದು ಸಾಮಾನ್ಯ. ಸುಬಾರು ಕಾರುಗಳ ಚಪ್ಪಟೆ ಬಾಕ್ಸರ್ ಎಂಜಿನ್ನಿನ ಎರಡೂ ಸಿಲಿಂಡರ್ ತಲೆಗಳು (ಕವಾಟಗಳಿರುವ ತುದಿಗಳು) ಷಾಸಿಯ ಬದಿಗಳಿಗೆ ಮುಖಮಾಡಿರುವುದರಿಂದ, ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನಂಥ ಕೆಲಸಕ್ಕೆ ಎಂಜಿನ್ನನ್ನೇ ಹೊರಗೆತ್ತುವುದು ಲೇಸೆಂದು ಅನುಭವಿಗಳು ಭಾವಿಸುತ್ತಾರೆ. ಆ ಲೆಕ್ಕಾಚಾರ ತಪ್ಪೆಂದು ನನಗೂ ಅನಿಸಿಲ್ಲ. ಅರ್ಧ ಬಿಚ್ಚಿ ಬಾಗಿ ನರಳುವುದಕ್ಕಿಂತ ಪೂರ್ತಿ ಬಿಚ್ಚಿ ನೇರ ನಿಂತು ಮಾಡುವ ಕೆಲಸ ಎಷ್ಟೋ ಸಲ ಬೇಗ ಮುಗಿಯುತ್ತದೆ.

ಅಡ್ಡ ಬರುವ ಭಾಗಗಳ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಅವುಗಳಲ್ಲಿ ಯಾವುದೂ ಸುಮ್ಮನೆ ಅಲ್ಲಿ ಕೂತಿಲ್ಲ. ನಿಷ್ಕಾಸದ ಸುತ್ತಲಿನ ತೆಳು ತಗಡು ಬೆಲೆಯಿಲ್ಲದ ವಸ್ತುವಿನಂತೆ ಕಂಡರೂ, ಕೆಲವೊಮ್ಮೆ 900 ಡಿಗ್ರಿ ಸೆಲ್ಸಿಯಸ್ ದಾಟುವ ಅನಿಲ ಹರಿಯುವ ಲೋಹಕ್ಕೂ, ಅಂಗೈ ಅಗಲ ದೂರದಲ್ಲಿರುವ ವೈರಿಂಗ್, ಬ್ರೇಕ್ ಕೊಳವೆ ಮತ್ತು ಸ್ಟೀರಿಂಗ್ ರಬ್ಬರಿಗೂ ನಡುವೆ ನಿಂತಿರುವುದು ಅದೊಂದೇ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಇಲ್ಲದಿದ್ದರೆ ಫ್ಯಾನು ತನ್ನ ನೇರಕ್ಕಿರುವ ರೇಡಿಯೇಟರ್ ಭಾಗದಿಂದ ಮಾತ್ರ ಗಾಳಿ ಸೆಳೆಯುತ್ತದೆ. ಚೌಕಟ್ಟು ಇದ್ದರೆ ಇಡೀ ರೇಡಿಯೇಟರಿನಿಂದ ಸೆಳೆಯುತ್ತದೆ. ರೇಡಿಯೇಟರಿನ ಅಂಚಿಗೆ ಅಂಟಿಸಿದ ಸ್ಪಂಜಿನ ಪಟ್ಟಿ ಕಿತ್ತುಹೋದರೆ ಮುಂದಿನಿಂದ ಬಂದ ಗಾಳಿ ಪಕ್ಕದ ಸಂದಿಯಿಂದ ನುಸುಳಿಹೋಗುತ್ತದೆ, ಏಕೆಂದರೆ ಗಾಳಿಯೂ ನೀರಿನಂತೆ ತಡೆ ಕಡಿಮೆಯಿರುವ ದಾರಿಯನ್ನೇ ಆರಿಸಿಕೊಳ್ಳುತ್ತದೆ. ಹೆಚ್ಚು ಶಕ್ತಿ ಕೊಡುವ ಎಂಜಿನ್ ಹೆಚ್ಚು ಶಾಖವನ್ನೂ ಕೊಡುವುದರಿಂದ, ಈ ಸಣ್ಣಪುಟ್ಟ ಭಾಗಗಳ ಅಗತ್ಯ ಸುಧಾರಣೆಯ ನಂತರ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಆದ್ದರಿಂದ ಪ್ರತಿಯೊಂದನ್ನು ಬಿಚ್ಚುವಾಗಲೂ ಅದು ದಾರಿ ಬಿಡಲು ಮಾತ್ರ ಸರಿಯುತ್ತಿದೆಯೇ, ಅದರ ಜಾಗಕ್ಕೆ ಹೊಸದು ಬರುತ್ತಿದೆಯೇ, ಅಥವಾ ಹೊಸದಕ್ಕೆ ಎಡೆಯಿಲ್ಲವೆಂದು ಖಾಯಂ ಆಗಿ ಹೊರಗುಳಿಯಲಿದೆಯೇ ಎಂದು ಕೇಳಿಕೊಳ್ಳಬೇಕು. ಮೂರನೆಯ ಗುಂಪಿಗೆ ಸೇರುವ ಪ್ರತಿ ಭಾಗಕ್ಕೂ ಅದು ಮಾಡುತ್ತಿದ್ದ ಕೆಲಸವನ್ನು ಇನ್ನು ಯಾವುದು ಮಾಡುತ್ತದೆ ಎಂಬುದಕ್ಕೆ ಉತ್ತರ ಬೇಕು.

ಇದಕ್ಕೆ ಅತಿ ಸರಳ ಉದಾಹರಣೆ ಏರ್ ಫಿಲ್ಟರ್ ಪೆಟ್ಟಿಗೆ. ಬಹುತೇಕ ಹವ್ಯಾಸಿಗಳು ಮೊದಲು ಬದಲಿಸುವುದು ಇದನ್ನೇ, ಏಕೆಂದರೆ ನಾಲ್ಕು ಕ್ಲಿಪ್ ಮತ್ತು ಮೂರು ಬೋಲ್ಟ್ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಆದರೆ ಆ ಪೆಟ್ಟಿಗೆ ಗ್ರಿಲ್ಲಿನ ಹಿಂದಿನಿಂದಲೋ ಚಕ್ರದ ಕಮಾನಿನ ಒಳಗಿನಿಂದಲೋ ತಂಪು ಗಾಳಿಯನ್ನು ಸೆಳೆಯುತ್ತಿತ್ತು. ಅದರ ಬದಲು ಶಂಕುವಿನಾಕಾರದ ತೆರೆದ ಫಿಲ್ಟರನ್ನು ಬಾನೆಟ್ ಕೆಳಗಿನ ಬಿಸಿಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಒತ್ತಡ ಒಂದೇ ಇದ್ದರೆ ಗಾಳಿಯ ಸಾಂದ್ರತೆ ಅದರ ನಿರಪೇಕ್ಷ ತಾಪಕ್ಕೆ ವಿಲೋಮವಾಗಿರುತ್ತದೆ. ಹೊರಗಿನ ಗಾಳಿ 30 ಡಿಗ್ರಿ, ಬಾನೆಟ್ ಒಳಗಿನದು 60 ಡಿಗ್ರಿ ಎಂದಿಟ್ಟುಕೊಂಡರೆ, ಅವು 303 ಮತ್ತು 333 ಕೆಲ್ವಿನ್ ಆಗುತ್ತವೆ. ಬಿಸಿ ಗಾಳಿಯ ಸಾಂದ್ರತೆ ತಂಪು ಗಾಳಿಯ ಸುಮಾರು 91 ಶೇಕಡಾ ಮಾತ್ರ. ಫಿಲ್ಟರಿನ ತಡೆ ತಗ್ಗಿ ಸಿಕ್ಕ ಅಲ್ಪ ಲಾಭವನ್ನು ಒಂಬತ್ತು ಶೇಕಡಾ ನಷ್ಟ ಸುಲಭವಾಗಿ ನುಂಗಿಹಾಕುತ್ತದೆ. ಶಬ್ದ ಮಾತ್ರ ಜೋರಾಗುತ್ತದೆ, ಮತ್ತು ಜೋರಾದ ಶಬ್ದವನ್ನು ಹೆಚ್ಚಿದ ಶಕ್ತಿಯೆಂದು ಕಿವಿ ಬಹಳ ಬೇಗ ನಂಬುತ್ತದೆ. ಇದನ್ನು ತಪ್ಪಿಸಲು ಫಿಲ್ಟರನ್ನು ಬಂಪರಿನ ಒಳಗೆ ತೀರ ಕೆಳಗಿಳಿಸಿದರೆ ಬೇರೊಂದು ಅಪಾಯ ಎದುರಾಗುತ್ತದೆ: ನಿಂತ ನೀರಿನಲ್ಲಿ ಕಾರು ಇಳಿದಾಗ ಎಂಜಿನ್ ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ, ನೀರು ಸಂಕುಚಿಸುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೂಲ ಪೆಟ್ಟಿಗೆಯ ಕೊಳವೆ ವಿಚಿತ್ರವಾಗಿ ಮೇಲೆ ಹೋಗಿ ಕೆಳಗಿಳಿಯುವುದು ಕಂಡರೆ, ಅದು ವಿನ್ಯಾಸಕಾರರ ವಿಲಾಸವಲ್ಲ.

ಅದೇ ಕೊಳವೆಯಲ್ಲಿ ಗಾಳಿಯ ರಾಶಿ ಅಳೆಯುವ ಸೆನ್ಸರ್ ಕೂತಿದ್ದರೆ ವಿಷಯ ಇನ್ನೂ ಸೂಕ್ಷ್ಮವಾಗುತ್ತದೆ. ಈ ಸೆನ್ಸರ್ ಇಡೀ ಕೊಳವೆಯ ಗಾಳಿಯನ್ನು ಅಳೆಯುವುದಿಲ್ಲ. ತನ್ನ ಮೈಮೇಲೆ ಹಾಯುವ ಒಂದು ಪಾಲನ್ನು ಅಳೆದು, ಕೊಳವೆಯ ವ್ಯಾಸ ಇಷ್ಟೇ ಎಂಬ ನಂಬಿಕೆಯ ಮೇಲೆ ಒಟ್ಟನ್ನು ಊಹಿಸುತ್ತದೆ. 70 ಮಿ.ಮೀ. ಒಳವ್ಯಾಸದ ಕೊಳವೆಯ ಬದಲು 76 ಮಿ.ಮೀ. ಕೊಳವೆಗೆ ಅದೇ ಸೆನ್ಸರನ್ನು ಸೇರಿಸಿದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 18 ಶೇಕಡಾ ಹೆಚ್ಚುತ್ತದೆ. ಹರಿವಿನ ವೇಗ ಅದಕ್ಕೆ ತಕ್ಕಂತೆ ತಗ್ಗುವುದರಿಂದ ಸೆನ್ಸರ್ ಕಡಿಮೆ ಗಾಳಿ ಬಂದಿದೆಯೆಂದು ವರದಿ ಮಾಡುತ್ತದೆ, ಎಂಜಿನ್ನಿನ ಕಂಪ್ಯೂಟರ್ ಕಡಿಮೆ ಇಂಧನ ಚಿಮ್ಮಿಸುತ್ತದೆ. ಹಗುರ ಓಟದಲ್ಲಿ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಮ್ಲಜನಕ ಸೆನ್ಸರ್ ಈ ಕೊರತೆಯನ್ನು ಸರಿದೂಗಿಸೀತು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಂಧನ ಕಡಿಮೆ ಬಿದ್ದರೆ ಸಿಲಿಂಡರಿನೊಳಗೆ ತಾಪ ಏರಿ, ಇಂಧನ ಅಕಾಲದಲ್ಲಿ ಸಿಡಿಯುವ ಬಡಿತದಿಂದ ಪಿಸ್ಟನ್ ಹಾಳಾಗಬಹುದು. ಒಂದು ಕೊಳವೆ ಬದಲಿಸುವಷ್ಟು ಚಿಕ್ಕ ಕೆಲಸಕ್ಕೂ, ಎಷ್ಟು ಗಾಳಿಗೆ ಎಷ್ಟು ಇಂಧನ ಎಂದು ಹೇಳುವ ಕಂಪ್ಯೂಟರಿನ ನಕ್ಷೆಗೂ ಇರುವ ನಂಟು ಇದು. ಮ್ಯಾನಿಫೋಲ್ಡಿನ ಒತ್ತಡದಿಂದ ಗಾಳಿಯನ್ನು ಲೆಕ್ಕಹಾಕುವ ಕಾರುಗಳಿಗೆ ಈ ತೊಂದರೆ ಇದೇ ರೂಪದಲ್ಲಿ ಬರುವುದಿಲ್ಲ.

ಪಾನಾ ಹಿಡಿಯುವ ಮೊದಲು

ಎಂಜಿನ್ ಸುತ್ತ ಐದು ಬಗೆಯ ಶಕ್ತಿ ಶೇಖರವಾಗಿರುತ್ತದೆ: ಬ್ಯಾಟರಿಯ ವಿದ್ಯುತ್ತು, ಕೂಲೆಂಟಿನ ಬಿಸಿ, ಇಂಧನದ ಒತ್ತಡ, ಏಸಿ ಅನಿಲದ ಒತ್ತಡ, ಮತ್ತು ಜ್ಯಾಕಿನ ಮೇಲೆ ಎತ್ತಿದ ಕಾರಿನ ಭಾರ. ಬಿಚ್ಚುವ ಕ್ರಮವನ್ನು ನಿರ್ಧರಿಸುವುದು ಬೋಲ್ಟ್‌ಗಳಿಗಿಂತ ಮೊದಲು ಇವು. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚುವುದಕ್ಕೆ ಕಾರಣ ಸರಳ. ಕಾರಿನ ಮೈಯೆಲ್ಲ ಋಣ ತುದಿಗೆ ಸೇರಿರುತ್ತದೆ. ಮೊದಲು ಧನ ತುದಿ ಬಿಚ್ಚಲು ಹೋಗಿ ಪಾನಾ ಮೈಗೆ ತಾಗಿದರೆ ಇಡೀ ಬ್ಯಾಟರಿ ಆ ಪಾನಾದ ಮೂಲಕ ಖಾಲಿಯಾಗಲು ಹೊರಡುತ್ತದೆ. ಋಣ ತುದಿ ಮೊದಲೇ ಕಳಚಿದ್ದರೆ ತಾಗಿದರೂ ಸುತ್ತು ಪೂರ್ಣವಾಗುವುದಿಲ್ಲ. ಏರ್‌ಬ್ಯಾಗ್ ಘಟಕದೊಳಗಿನ ಕೆಪಾಸಿಟರ್ ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಡುವುದರಿಂದ, ಮುಂಭಾಗದ ಡಿಕ್ಕಿ ಸೆನ್ಸರ್‌ಗಳ ವೈರು ಮುಟ್ಟುವ ಮುನ್ನ ಕೈಪಿಡಿ ಹೇಳಿದಷ್ಟು ನಿಮಿಷ ಕಾಯಬೇಕು.

ಕೂಲೆಂಟ್ ಇಳಿಸುವುದು ಎಂಜಿನ್ ಪೂರ್ತಿ ತಣಿದ ಮೇಲೆಯೇ. ರೇಡಿಯೇಟರ್ ಮುಚ್ಚಳ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಡುತ್ತದೆ, ಆ ಒತ್ತಡದಲ್ಲಿ ಬರಿಯ ನೀರು ಕೂಡ ಸುಮಾರು 120 ಡಿಗ್ರಿಯ ತನಕ ಕುದಿಯದೆ ಇರುತ್ತದೆ. ಬಿಸಿಯಿದ್ದಾಗ ಮುಚ್ಚಳ ತಿರುಗಿಸಿದ ಕ್ಷಣವೇ ಒತ್ತಡ ಬಿದ್ದು, ನೀರು ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಇಂಧನದ ವಿಷಯದಲ್ಲಿ ಗಾಳಿಯ ದಾರಿಯಲ್ಲೇ ಇಂಧನ ಚಿಮ್ಮಿಸುವ ಹಳೆಯ ಮಾದರಿಯ ಪೋರ್ಟ್ ಇಂಜೆಕ್ಷನ್ ಎಂಜಿನ್‌ಗಳು ಸಾಮಾನ್ಯವಾಗಿ ಮೂರು-ನಾಲ್ಕು ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತವೆ. ಸಿಲಿಂಡರಿನೊಳಗೇ ಚಿಮ್ಮಿಸುವ ನೇರ ಇಂಜೆಕ್ಷನ್ನಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಅದು 200 ಬಾರ್, ಹೊಸವುಗಳಲ್ಲಿ 350 ಬಾರ್ ತನಕ ಹೋಗುತ್ತದೆ. ಅಷ್ಟು ಒತ್ತಡದ ಸಣ್ಣ ಚಿಲುಮೆ ಚರ್ಮವನ್ನು ಸೀಳಿ ಒಳಗೆ ಹೋಗಬಲ್ಲದು. ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿಯೇ ನಿಲ್ಲುವ ತನಕ ಓಡಿಸುವುದು ಒತ್ತಡ ಇಳಿಸುವ ಪರಿಚಿತ ವಿಧಾನ. ಅದಾದ ಮೇಲೂ ಕೊಳವೆಯ ಕೀಲಿಗೆ ಬಟ್ಟೆ ಸುತ್ತಿಯೇ ಸಡಿಲಿಸಬೇಕು.

ಏಸಿಯ ಕೊಳವೆಗಳನ್ನು ಬಿಚ್ಚದಿರುವುದೇ ಒಳ್ಳೆಯದು, ಮತ್ತು ಹೆಚ್ಚಿನ ಸಂದರ್ಭಗಳಲ್ಲಿ ಬಿಚ್ಚಬೇಕಾಗುವುದೂ ಇಲ್ಲ. ಕಂಪ್ರೆಸರನ್ನು ಅದರ ಮೂರು ನಾಲ್ಕು ಬೋಲ್ಟ್‌ಗಳಿಂದ ಕಳಚಿ, ಕೊಳವೆಗಳು ಹಾಗೆಯೇ ಇರುವಂತೆ ಪಕ್ಕಕ್ಕೆ ಸರಿಸಿ ತಂತಿಯಿಂದ ಕಟ್ಟಿಡಬಹುದು. ಕೊಳವೆಯಲ್ಲೇ ಜೋತುಬಿಡುವುದು ಮಾತ್ರ ತಪ್ಪು. ಕಂಡೆನ್ಸರನ್ನೂ ಹೀಗೆಯೇ ಒಂದಿಷ್ಟು ಸರಿಸಬಹುದು. ಬಿಚ್ಚಲೇಬೇಕಾದರೆ ಅನಿಲವನ್ನು ಯಂತ್ರದಿಂದ ಹೀರಿಸಿಕೊಳ್ಳಬೇಕು. ಆರ್-134ಎ ಅನಿಲ ವಾತಾವರಣದ ಒತ್ತಡದಲ್ಲಿ ಸುಮಾರು ಮೈನಸ್ 26 ಡಿಗ್ರಿಯಲ್ಲೇ ಕುದಿಯುವುದರಿಂದ ಕೈಮೇಲೆ ಬಿದ್ದರೆ ಹಿಮಗಾಯವಾಗುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೀರಿ ಭೂಮಿಯನ್ನು ಬಿಸಿ ಮಾಡಬಲ್ಲ ಅನಿಲವಾದ್ದರಿಂದ ಅದನ್ನು ಗಾಳಿಗೆ ಬಿಡುವುದು ಅನೇಕ ದೇಶಗಳಲ್ಲಿ ಅಪರಾಧವೂ ಹೌದು.

ಮುಂದಿನಿಂದ, ಮೇಲಿನಿಂದ, ಕೆಳಗಿನಿಂದ

ಒಂದು ಭಾಗವನ್ನು ತಲುಪಲು ಇರುವುದು ಇವೇ ಮೂರು ದಾರಿ. ಯಾವುದನ್ನು ಹಿಡಿಯಬೇಕೆಂದು ಮೊದಲೇ ತೀರ್ಮಾನಿಸದೆ ಕೈಗೆ ಸಿಕ್ಕಿದ್ದನ್ನು ಬಿಚ್ಚುತ್ತ ಹೋದವರು ಸಾಮಾನ್ಯವಾಗಿ ಮೂರೂ ದಿಕ್ಕಿನಿಂದ ಬಿಚ್ಚಿ ಮುಗಿಸುತ್ತಾರೆ.

ಮುಂದಿನ ದಾರಿ ದೊಡ್ಡ ಇಂಟರ್‌ಕೂಲರ್ (ಟರ್ಬೊ ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಭಾಗ) ಕೂರಿಸುವವರದು. ಬಂಪರಿನ ಹೊರಹೊದಿಕೆ ಚಕ್ರದ ಕಮಾನಿನೊಳಗಿನ ಸ್ಕ್ರೂ, ಮೇಲಂಚಿನ ಕ್ಲಿಪ್, ಕೆಳಗಿನ ಬೋಲ್ಟ್ ಮತ್ತು ಎರಡೂ ಬದಿಯ ಕೊಂಡಿಗಳಿಂದ ನಿಂತಿರುತ್ತದೆ. ಚಕ್ರದ ಕಮಾನಿನೊಳಗೆ ಅಡಗಿದ ಆ ಒಂದು ಸ್ಕ್ರೂ ಮರೆತು ಎಳೆದವರಿಂದಲೇ ಬಂಪರುಗಳ ತುದಿ ಹರಿಯುವುದು. ಫೋಗ್ ಲ್ಯಾಂಪ್, ಪಾರ್ಕಿಂಗ್ ಸೆನ್ಸರ್ ಮತ್ತು ಹೆಡ್‌ಲ್ಯಾಂಪ್ ತೊಳೆಯುವ ಕೊಳವೆಗಳನ್ನು ಕಳಚಿಯೇ ಹೊದಿಕೆಯನ್ನು ಮುಂದಕ್ಕೆ ತೆಗೆಯಬೇಕು. ಅದರ ಹಿಂದಿರುವ ಅಡ್ಡ ಉಕ್ಕಿನ ಅಥವಾ ಅಲ್ಯೂಮಿನಿಯಂ ತೊಲೆ ಡಿಕ್ಕಿಯ ಬಲವನ್ನು ಷಾಸಿಗೆ ಹಂಚುವ ಭಾಗ. ಇಂಟರ್‌ಕೂಲರಿಗೆ ಜಾಗ ಸಾಲದೆಂದು ಇದನ್ನು ಕತ್ತರಿಸುವುದನ್ನು, ಇಲ್ಲವೇ ಪೂರ್ತಿ ಬಿಟ್ಟುಬಿಡುವುದನ್ನು ಹಲವರು ಮಾಡುತ್ತಾರೆ. ನನ್ನ ಮಟ್ಟಿಗೆ ಇದು ಚರ್ಚೆಗೂ ಯೋಗ್ಯವಲ್ಲದ ಕೆಲಸ. ಏರ್‌ಬ್ಯಾಗ್ ಯಾವಾಗ ಸಿಡಿಯಬೇಕೆಂಬ ಲೆಕ್ಕವನ್ನೂ ಆ ತೊಲೆ ಇದೆಯೆಂಬ ನಂಬಿಕೆಯ ಮೇಲೆಯೇ ಮಾಡಿರುತ್ತಾರೆ. ಮುಂದಿನ ವಾಹನದ ದೂರ ಅಳೆಯುವ ರೇಡಾರ್ ಇರುವ ಕಾರುಗಳಲ್ಲಿ ಅದರ ಚೌಕಟ್ಟನ್ನು ಅಲುಗಿಸಿದ ಮೇಲೆ ಮತ್ತೆ ಅಳತೆ ಹೊಂದಿಸಬೇಕಾಗುತ್ತದೆ. ಫೋಕ್ಸ್‌ವ್ಯಾಗನ್ ಮತ್ತು ಔಡಿ ಕಾರುಗಳಲ್ಲಿ ಸರ್ವಿಸ್ ಪೊಸಿಷನ್ ಎಂಬ ಜಾಣ ಏರ್ಪಾಡಿದೆ. ರೇಡಿಯೇಟರ್ ಹೊತ್ತ ಮುಂಚೌಕಟ್ಟಿನ ಬೋಲ್ಟ್ ತೆಗೆದು, ಅವುಗಳ ಜಾಗದಲ್ಲಿ ಉದ್ದನೆಯ ಕಂಬಿಗಳನ್ನು ತಿರುಗಿಸಿ, ಇಡೀ ಚೌಕಟ್ಟನ್ನು ಕೊಳವೆಗಳ ಸಮೇತ ಮುಂದಕ್ಕೆ ಜಾರಿಸಬಹುದು. ಕೂಲೆಂಟನ್ನೂ ಏಸಿ ಅನಿಲವನ್ನೂ ಇಳಿಸದೆ ಬೆಲ್ಟಿನ ಕಡೆಗೆ ಒಂದು ಗೇಣು ಜಾಗ ಸಿಗುತ್ತದೆ.

ಮೇಲಿನ ದಾರಿ ಗಾಳಿಯ ಮ್ಯಾನಿಫೋಲ್ಡ್, ಇಂಜೆಕ್ಟರ್ ಮತ್ತು ಕ್ಯಾಮ್‌ಶಾಫ್ಟ್‌ಗಳದು. ಇಲ್ಲಿ ಎದುರಾಗುವುದು ಭಾರವಲ್ಲ, ಸಂಖ್ಯೆ. ಹತ್ತಿಪ್ಪತ್ತು ವಿದ್ಯುತ್ ಕನೆಕ್ಟರ್‌ಗಳು, ಅಷ್ಟೇ ನಿರ್ವಾತದ ಹೋಸುಗಳು. ವರ್ಷಗಟ್ಟಲೆ ಶಾಖ ಕುಡಿದ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುವುದರಿಂದ, ಕನೆಕ್ಟರನ್ನು ಮೊದಲು ಒಳಕ್ಕೆ ಒತ್ತಿ, ನಾಲಿಗೆಯ ಮೇಲಿನ ಭಾರ ಇಳಿದ ಮೇಲೆ ಅದನ್ನು ಒತ್ತಿಹಿಡಿದು ಹಿಂದಕ್ಕೆ ಎಳೆಯಬೇಕು. ಎಳೆಯಬೇಕಾದದ್ದು ಪ್ಲಾಸ್ಟಿಕ್ ದೇಹವನ್ನು, ವೈರನ್ನಲ್ಲ. ಹೋಸನ್ನು ಮೊದಲು ತಿರುಚಿ ಅಂಟು ಬಿಡಿಸಿದ ಮೇಲೆಯೇ ಎಳೆಯಬೇಕು, ಏಕೆಂದರೆ ಅದರೊಳಗಿರುವ ರೇಡಿಯೇಟರಿನ ಕತ್ತು ಕೂಡ ಈಗ ಪ್ಲಾಸ್ಟಿಕ್ಕೇ. ಎಲ್ಲಿ ಎರಡು ಒಂದೇ ಬಗೆಯ ತುದಿಗಳಿವೆಯೋ ಅಲ್ಲಿ ಎರಡಕ್ಕೂ ಕಾಗದದ ಚೀಟಿ ಅಂಟಿಸಬೇಕು. ಫೋಟೊ ತೆಗೆದಿದ್ದೇನೆಂಬ ಧೈರ್ಯ ಸಾಲದು. ಹೋಸು ಎಲ್ಲಿಂದ ಹೊರಟಿತು ಎಂಬುದು ಫೋಟೊದಲ್ಲಿ ಕಾಣುತ್ತದೆ, ಎಲ್ಲಿಗೆ ಹೋಯಿತು ಎಂಬುದು ಅದರ ಹಿಂದಿನ ಕತ್ತಲಲ್ಲಿ ಇರುತ್ತದೆ.

ಕೆಳಗಿನ ದಾರಿ ನಿಷ್ಕಾಸದ ಹೆಡರ್ (ಮೂಲ ಮ್ಯಾನಿಫೋಲ್ಡಿನ ಬದಲು ಹಾಕುವ ಕೊಳವೆಗಳ ಗೊಂಚಲು), ಟರ್ಬೊ ಮತ್ತು ಸೈಲೆನ್ಸರ್ ಕೊಳವೆಗಳದು. ಕಾರನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸದೆ ಅದರ ಕೆಳಗೆ ಹೋಗಬಾರದು. ಜ್ಯಾಕು ಎತ್ತುವ ಸಾಧನ, ಹಿಡಿದಿಡುವ ಸಾಧನವಲ್ಲ. ಎಂಜಿನ್ನಿನ ಒಂದು ಮೌಂಟ್ ಬಿಚ್ಚಬೇಕಾದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನ ಕೆಳಗೆ ಅಗಲವಾದ ಮರದ ಹಲಗೆ ಇಟ್ಟು ಆಧಾರ ಕೊಡುವವರಿದ್ದಾರೆ. ಆದರೆ ತೆಳು ತಗಡಿನ ಸಂಪು ಒಳಕ್ಕೆ ತಗ್ಗಿದರೆ ಅದರ ತಳಕ್ಕೂ ಆಯಿಲ್ ಹೀರುವ ಕೊಳವೆಗೂ ಇರುವ ಕಿರಿದಾದ ಅಂತರ ಮುಚ್ಚಿಹೋಗುತ್ತದೆ, ಎಂಜಿನ್ ಆಯಿಲ್ ಸಿಗದೆ ಸಾಯುತ್ತದೆ. ಮೇಲಿನಿಂದ ಅಡ್ಡಕಂಬಿ ಹಾಕಿ ಎಂಜಿನ್ನನ್ನು ತೂಗುಹಾಕುವುದು ಹೆಚ್ಚು ಸುರಕ್ಷಿತ. ಸಬ್‌ಫ್ರೇಮ್ ಇಳಿಸುವ ಮುನ್ನ ಅದು ಮೈಗೆ ಕೂತ ಜಾಗದ ಸುತ್ತ ಗೆರೆ ಎಳೆದಿಟ್ಟುಕೊಂಡರೆ ಚಕ್ರಗಳ ಅಲೈನ್‌ಮೆಂಟ್ ಹೆಚ್ಚು ಕೆಡುವುದಿಲ್ಲ. ಸ್ಟೀರಿಂಗ್ ಕಂಬಿಯ ಕೀಲು ಬಿಚ್ಚಿದ ಮೇಲೆ ಸ್ಟೀರಿಂಗ್ ಚಕ್ರವನ್ನು ತಿರುಗದಂತೆ ಕಟ್ಟಿಡಬೇಕು. ಅದರೊಳಗೆ ಏರ್‌ಬ್ಯಾಗಿಗೆ ವಿದ್ಯುತ್ ಒಯ್ಯುವ ಸುರುಳಿಪಟ್ಟಿ ಇದೆ, ಮಿತಿ ಮೀರಿ ತಿರುಗಿದರೆ ಅದು ಹರಿಯುತ್ತದೆ. ಬ್ರೇಕ್ ಕ್ಯಾಲಿಪರನ್ನು ಅದರ ಹೋಸಿನಲ್ಲೇ ಜೋತುಬಿಡಬಾರದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲವೇನೋ, ಆದರೂ ಹೇಳಿಬಿಡುತ್ತೇನೆ.

ಬರಲು ಒಪ್ಪದ ಬೋಲ್ಟ್

ಇಡೀ ಕೆಲಸದ ವೇಳಾಪಟ್ಟಿಯನ್ನು ತಲೆಕೆಳಗು ಮಾಡುವುದು ಸಾಮಾನ್ಯವಾಗಿ ನಿಷ್ಕಾಸದ ಸ್ಟಡ್, ಅಂದರೆ ನಟ್ಟು ಕೂರುವ ತಲೆಯಿಲ್ಲದ ಬೋಲ್ಟ್. ಸಾವಿರಾರು ಸಲ ಕಾದು ತಣಿದ ಉಕ್ಕು ತುಕ್ಕಿನಿಂದ ನಟ್ಟಿಗೆ ಬೆಸೆದುಕೊಂಡಿರುತ್ತದೆ. ಬಲ ಹೆಚ್ಚಿಸುವುದೇ ಇಲ್ಲಿ ಮೊದಲ ತಪ್ಪು. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಟ್ಟು, ಮರುದಿನ ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ಎಂಟನೆಯ ಒಂದು ಸುತ್ತು ಬಿಗಿದು, ಎಣ್ಣೆ ಹಾಕಿ, ಮತ್ತೆ ಸಡಿಲಿಸುವ ತಾಳ್ಮೆ ಬೇಕು. ಹಿಂದೆ ಮುಂದೆ ಆಡಿಸಿದಾಗ ತುಕ್ಕಿನ ಪುಡಿ ಥ್ರೆಡ್ಡಿನಿಂದ ಹೊರಬೀಳುತ್ತದೆ. ಒಂದೇ ಸಮನೆ ಸಡಿಲಿಸುತ್ತ ಹೋದರೆ ಆ ಪುಡಿಯೇ ಬೆಣೆಯಂತೆ ಸಿಕ್ಕಿಕೊಂಡು ಸ್ಟಡ್ ತುಂಡಾಗುತ್ತದೆ. ಎಣ್ಣೆಗೂ ಬಗ್ಗದಿದ್ದರೆ ಶಾಖ. ನಟ್ಟನ್ನು ಮಾತ್ರ ಬೇಗನೆ ಕಾಯಿಸಿದರೆ ಅದು ಸ್ಟಡ್ಡಿಗಿಂತ ಮೊದಲು ಹಿಗ್ಗಿ ಹಿಡಿತ ಬಿಡುತ್ತದೆ. ಆದರೆ ಬೆಂಕಿ ಹಿಡಿಯುವ ಮುನ್ನ ಹತ್ತಿರದ ಇಂಧನ ಕೊಳವೆಯನ್ನೂ ಹಿಂದಿನ ರಾತ್ರಿ ಹಾಕಿದ ಎಣ್ಣೆಯನ್ನೂ ನೆನೆಯಬೇಕು.

ಅಲ್ಯೂಮಿನಿಯಂ ತಲೆಯ ಸ್ಪಾರ್ಕ್ ಪ್ಲಗ್ಗಿನದು ಬೇರೆ ಕಥೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಬಿಸಿಯಿದ್ದಾಗ ಅದರ ಥ್ರೆಡ್ಡೂ ಮೆದುವಾಗಿರುತ್ತದೆ. ಆದ್ದರಿಂದ ತಣಿದ ಎಂಜಿನ್ನಿನಲ್ಲೇ ಪ್ಲಗ್ ತೆಗೆಯುವುದು ರೂಢಿ.

ಬಿಚ್ಚಿದ ಬೋಲ್ಟ್‌ಗಳನ್ನು ಒಂದೇ ಡಬ್ಬಿಗೆ ಹಾಕುವ ಅಭ್ಯಾಸ ಎಲ್ಲಕ್ಕಿಂತ ದುಬಾರಿ. ಟೈಮಿಂಗ್ ಮುಚ್ಚಳದಂಥ ಭಾಗದಲ್ಲಿ ಮೂರು ನಾಲ್ಕು ಬೇರೆ ಬೇರೆ ಉದ್ದದ ಬೋಲ್ಟ್‌ಗಳಿರುತ್ತವೆ. ಗಿಡ್ಡನೆಯ ರಂಧ್ರಕ್ಕೆ ಉದ್ದದ ಬೋಲ್ಟ್ ಹಾಕಿ ಬಿಗಿದರೆ ಅದು ಎರಕದ ಒಳಗೋಡೆಯನ್ನೇ ತೂರುತ್ತದೆ. ಉದ್ದದ ರಂಧ್ರಕ್ಕೆ ಗಿಡ್ಡನೆಯದು ಹಾಕಿದರೆ ಎರಡು ಸುತ್ತು ಥ್ರೆಡ್ಡಿನ ಮೇಲೆ ಎಲ್ಲ ಭಾರ ಬಿದ್ದು ಅದು ಕಿತ್ತುಬರುತ್ತದೆ. ರಟ್ಟಿನ ಮೇಲೆ ಆ ಭಾಗದ ಆಕಾರ ಬರೆದು, ಪ್ರತಿ ಬೋಲ್ಟನ್ನೂ ಅದರ ಜಾಗದಲ್ಲೇ ಚುಚ್ಚಿಡುವುದು ಹಳೆಯ ಉಪಾಯ. ಇದಕ್ಕಿಂತ ಒಳ್ಳೆಯದನ್ನು ನಾನು ಈವರೆಗೆ ಕಂಡಿಲ್ಲ.

ತೆರೆದಿಟ್ಟ ಎಂಜಿನ್

ಮ್ಯಾನಿಫೋಲ್ಡ್ ಹೊರಬಂದ ಕ್ಷಣದಿಂದ ಎಂಜಿನ್ ಬಾಯಿ ತೆರೆದ ಪ್ರಾಣಿ. ಗಾಳಿಯ ರಂಧ್ರಗಳಿಗೆ ಕೂಡಲೇ ಟೇಪು ಹಚ್ಚಬೇಕು, ಅಥವಾ ನೂಲು ಬಿಡದ ಬಟ್ಟೆ ತುರುಕಬೇಕು. ಎಷ್ಟು ಬಟ್ಟೆ ಎಂದು ಎಣಿಸಿ ಬರೆದಿಡುವುದು ಅತಿಯೆನಿಸಬಹುದು. ನಾನೊಮ್ಮೆ ನಾಲ್ಕು ತುರುಕಿ ಮೂರು ತೆಗೆದು, ಮ್ಯಾನಿಫೋಲ್ಡನ್ನು ಪೂರ್ತಿ ಬಿಗಿದ ಮೇಲೆ ನೆನಪಾಗಿ, ಮತ್ತೆ ಎಲ್ಲವನ್ನೂ ಬಿಚ್ಚಿದ್ದೇನೆ, ಅಂದಿನಿಂದ ಬರೆದಿಡುತ್ತೇನೆ. ಒಳಗೆ ಬಿದ್ದ ಉಕ್ಕಿನ ನಟ್ಟನ್ನು ಅಯಸ್ಕಾಂತದ ಕಡ್ಡಿ ಎತ್ತೀತು, ಅಲ್ಯೂಮಿನಿಯಂ ತುಂಡನ್ನು ಎತ್ತದು. ಇದೇ ಹೊತ್ತಿನಲ್ಲಿ ಒಂದು ಲಾಭವೂ ಇದೆ. ನೇರ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲು ಗಾಳಿಯ ಕವಾಟದ ಮೇಲೆ ಹರಿಯದೆ ನೇರವಾಗಿ ಸಿಲಿಂಡರಿಗೆ ಬೀಳುವುದರಿಂದ, ಆ ಕವಾಟಗಳ ಬೆನ್ನಿನಲ್ಲಿ ಇಂಗಾಲ ದಪ್ಪನಾಗಿ ಕಟ್ಟಿರುತ್ತದೆ. ಪುಡಿ ಮಾಡಿದ ಆಕ್ರೋಟದ ಚಿಪ್ಪನ್ನು ಗಾಳಿಯೊತ್ತಡದಿಂದ ಎರಚಿ ಅದನ್ನು ಶುಚಿಗೊಳಿಸುವ ಕೆಲಸಕ್ಕೆ ಮ್ಯಾನಿಫೋಲ್ಡ್ ತೆಗೆದಿರಲೇಬೇಕು. ಹಾಗೆಯೇ ಬೆಲ್ಟಿನ ತನಕ ಬಿಚ್ಚಿದವರು ವಾಟರ್ ಪಂಪನ್ನೂ ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರನ್ನೂ ಬದಲಿಸಿಬಿಡುವುದು ಸರಿ, ಏಕೆಂದರೆ ಮತ್ತೊಮ್ಮೆ ಅಲ್ಲಿಗೆ ಬರುವ ಶ್ರಮ ಆ ಭಾಗದ ಬೆಲೆಗಿಂತ ಹೆಚ್ಚಿನದು.

ಕ್ಯಾಮ್‌ಶಾಫ್ಟ್ ಬದಲಿಸುವವರಿಗೆ ಬಿಚ್ಚುವುದರ ಅರ್ಥವೇ ಬೇರೆ. ಇಲ್ಲಿ ಕಳಚುವುದು ಲೋಹವನ್ನು ಮಾತ್ರವಲ್ಲ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿಗೂ ಕ್ಯಾಮ್‌ಶಾಫ್ಟಿಗೂ ಇರುವ ಹೊಂದಾಣಿಕೆಯನ್ನೂ. ಇಂದಿನ ಎಂಜಿನ್‌ಗಳಲ್ಲಿ ಬಹಳಷ್ಟರಲ್ಲಿ ತೆರೆದ ಕವಾಟ ಮತ್ತು ಮೇಲಕ್ಕೇರಿದ ಪಿಸ್ಟನ್ ಒಂದೇ ಜಾಗವನ್ನು ಬೇರೆ ಬೇರೆ ಸಮಯದಲ್ಲಿ ಬಳಸುತ್ತವೆ. ಸಮಯ ತಪ್ಪಿದರೆ ಒಂದಕ್ಕೊಂದು ಬಡಿದು ಕವಾಟ ಬಾಗುತ್ತದೆ. ಆದ್ದರಿಂದ ಬೆಲ್ಟು ಅಥವಾ ಚೈನು ಮುಟ್ಟುವ ಮುನ್ನ ತಯಾರಕರು ಹೇಳಿದ ಸ್ಥಾನದಲ್ಲಿ ಕ್ರ್ಯಾಂಕನ್ನು ಪಿನ್ನು ಹಾಕಿ ನಿಲ್ಲಿಸಬೇಕು, ಜೋಡಿಸಿದ ಮೇಲೆ ಸ್ಟಾರ್ಟರ್ ಮುಟ್ಟದೆ ಕೈಯಿಂದಲೇ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಬೇಕು. ತಲೆಯನ್ನು ಇಳಿಸದೆ ಕವಾಟದ ಸ್ಪ್ರಿಂಗ್ ಮಾತ್ರ ಬದಲಿಸುವವರು ಪ್ಲಗ್ಗಿನ ರಂಧ್ರದಿಂದ ಮೆದುವಾದ ಹಗ್ಗವನ್ನು ಸಿಲಿಂಡರಿಗೆ ತುಂಬಿ, ಪಿಸ್ಟನ್ ಅದನ್ನು ಮೇಲಕ್ಕೆ ಒತ್ತುವಂತೆ ಮಾಡಿ, ಕವಾಟ ಒಳಗೆ ಬೀಳದಂತೆ ತಡೆಯುತ್ತಾರೆ.

ಮರಳಿ ಜೋಡಿಸುವಾಗ

ಕೈಪಿಡಿಗಳು ಜೋಡಣೆಯ ಬಗ್ಗೆ ‘ಬಿಚ್ಚಿದ ಕ್ರಮವನ್ನೇ ಹಿಂದುಮುಂದಾಗಿ ಅನುಸರಿಸಿ’ ಎಂದು ಬರೆಯುತ್ತವೆ. ಯಂತ್ರಶಾಸ್ತ್ರದಲ್ಲಿ ಇದಕ್ಕಿಂತ ಅರೆಬರೆಯಾದ ವಾಕ್ಯ ಸಿಗುವುದು ಕಷ್ಟ. ಬಿಚ್ಚುವಾಗ ಬಲದ ಅಳತೆ ಬೇಕಿರಲಿಲ್ಲ, ಈಗ ಬೇಕು. ಬೋಲ್ಟನ್ನು ಬಿಗಿಯುವಾಗ ನಾವು ಕೊಡುವ ತಿರುಚುಬಲದಲ್ಲಿ ಸುಮಾರು ಅರ್ಧ ಅದರ ತಲೆಯ ಕೆಳಗಿನ ಘರ್ಷಣೆಗೂ ಸುಮಾರು 40 ಶೇಕಡಾ ಥ್ರೆಡ್ಡಿನ ಘರ್ಷಣೆಗೂ ಹೋಗಿ, ಭಾಗಗಳನ್ನು ಒತ್ತಿಹಿಡಿಯುವ ಎಳೆತವಾಗಿ ಉಳಿಯುವುದು ಹತ್ತು ಶೇಕಡಾ ಮಾತ್ರ. ಆದ್ದರಿಂದ ಒಣ ಥ್ರೆಡ್ಡಿಗೆ ಹೇಳಿದ ಅಳತೆಯನ್ನು ಎಣ್ಣೆ ಹಚ್ಚಿದ ಥ್ರೆಡ್ಡಿಗೆ ಬಳಸಿದರೆ, ಟಾರ್ಕ್ ರೆಂಚ್ ಸರಿಯಾದ ಸಂಖ್ಯೆಯಲ್ಲೇ ಕ್ಲಿಕ್ ಎಂದರೂ ಬೋಲ್ಟ್ ಮಿತಿಮೀರಿ ಹಿಗ್ಗಿರುತ್ತದೆ. ತಲೆಯ ಬೋಲ್ಟ್‌ಗಳಂಥ ಕೆಲವನ್ನು ಲೋಹ ಮತ್ತೆ ಮೊದಲಿನ ಉದ್ದಕ್ಕೆ ಮರಳದಷ್ಟು ಹಿಗ್ಗಿಸಿಯೇ ಬಿಗಿಯುವುದರಿಂದ ಅವು ಒಂದೇ ಬಳಕೆಯವು. ಇವನ್ನು ಮರಳಿ ಹಾಕಬಾರದು. ಉದ್ದನೆಯ ಮ್ಯಾನಿಫೋಲ್ಡನ್ನು ನಡುವಿನಿಂದ ತುದಿಗಳ ಕಡೆಗೆ, ಎರಡು ಮೂರು ಹಂತಗಳಲ್ಲಿ ಬಿಗಿಯಬೇಕು, ಇಲ್ಲವಾದರೆ ಗ್ಯಾಸ್ಕೆಟ್ಟಿನ ಮಧ್ಯೆ ಉಬ್ಬು ಉಳಿದು ಗಾಳಿ ಸೋರುತ್ತದೆ. ಸಸ್ಪೆನ್ಶನ್ನಿನ ರಬ್ಬರ್ ಬುಷ್‌ಗಳ ಬೋಲ್ಟ್‌ಗಳನ್ನು ಮಾತ್ರ ಕಾರಿನ ಭಾರ ಚಕ್ರದ ಮೇಲೆ ಬಿದ್ದ ಸ್ಥಿತಿಯಲ್ಲಿ ಬಿಗಿಯಬೇಕು. ಚಕ್ರ ಜೋತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಹೊಸ ಭಾಗ ಕೂತ ಮೇಲೆ ಹಳೆಯ ಭಾಗಗಳು ತಮ್ಮ ಜಾಗಕ್ಕೆ ಹೊಂದದಿರುವುದು ಆಗ ತಿಳಿಯುತ್ತದೆ. ಹೆಡರ್ ತುಸು ಹೊರಗೆ ಚಾಚಿದ್ದು, ಶಾಖದ ತಗಡು ಅದಕ್ಕೆ ತಾಗುತ್ತದೆ. ಟರ್ಬೊವಿನ ಕೊಳವೆ ಒಂದು ವೈರಿಂಗ್ ಗೊಂಚಲಿಗೆ ಬೆರಳಿನಷ್ಟು ಹತ್ತಿರ ಬಂದಿರುತ್ತದೆ. ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ತೂಗಾಡುವುದರಿಂದ, ನಿಂತಾಗ ತಾಗದ್ದು ಓಡುವಾಗ ತಾಗುತ್ತದೆ. ತಗಡನ್ನು ಕೈಬಿಡುವ ಬದಲು ಬಾಗಿಸಿ ಅಥವಾ ಬೇರೆ ತಗಡಿನಿಂದ ಹೊಸತನ್ನು ಮಾಡಿ ಕೂರಿಸಬೇಕು, ವೈರುಗಳಿಗೆ ಶಾಖ ತಡೆಯುವ ತೊಡಿಕೆ ಹಾಕಿ ದಾರಿ ಬದಲಿಸಬೇಕು. ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ‘ಅಡ್ಡ ಬರುವ ಭಾಗ’ಗಳ ಪಟ್ಟಿಗೆ ಸೇರಿಸುವ ಕಿಟ್‌ಗಳೂ ಇವೆ, ರಸ್ತೆಯ ಮೇಲೆ ಓಡುವ ಕಾರಿನಿಂದ ಅದನ್ನು ತೆಗೆಯುವುದು ಅನೇಕ ದೇಶಗಳಲ್ಲಿ ಕಾನೂನುಬಾಹಿರ. ಗ್ಯಾಸ್ಕೆಟ್ಟಿನ ಬದಲು ಬಳಸುವ ಸಿಲಿಕೋನ್ ಅಂಟನ್ನು ಆರಿಸುವಾಗಲೂ ಒಂದು ಎಚ್ಚರ ಬೇಕು, ಏಕೆಂದರೆ ಕೆಲವು ಬಗೆಯ ಅಂಟಿನ ಆವಿ ಆಮ್ಲಜನಕ ಸೆನ್ಸರನ್ನು ಕೆಡಿಸುತ್ತದೆ.

ಕೀಲಿ ತಿರುಗಿಸುವ ಮುನ್ನ ಉಳಿಯುವುದು ದ್ರವಗಳ ಕೆಲಸ. ಟರ್ಬೊವಿನ ಅಚ್ಚು ನಿಮಿಷಕ್ಕೆ ಒಂದರಿಂದ ಎರಡು ಲಕ್ಷ ಸುತ್ತಿನ ವೇಗದಲ್ಲಿ ಬರೀ ಆಯಿಲಿನ ಪೊರೆಯ ಮೇಲೆ ತೇಲುತ್ತದೆ. ಹೊಸ ಟರ್ಬೊವಿನ ರಂಧ್ರಕ್ಕೆ ಶುಚಿಯಾದ ಆಯಿಲ್ ಸುರಿದು, ಇಂಧನ ಮತ್ತು ಕಿಡಿಯನ್ನು ತಡೆದು, ಆಯಿಲ್ ಒತ್ತಡ ಏರುವ ತನಕ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿದ ಮೇಲೆಯೇ ಅದನ್ನು ಚಾಲೂ ಮಾಡಬೇಕು. ಕೂಲೆಂಟ್ ತುಂಬುವಾಗ ಕಾರಿನ ಮೂತಿಯನ್ನು ಸ್ವಲ್ಪ ಎತ್ತರಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟರೆ ಕೊಳವೆಗಳಲ್ಲಿ ಸಿಕ್ಕ ಗಾಳಿ ಮೇಲೇರಿ ಹೊರಹೋಗುತ್ತದೆ. ದೊಡ್ಡ ಇಂಜೆಕ್ಟರ್ ಅಥವಾ ಬೇರೆ ಟರ್ಬೊ ಹಾಕಿದ್ದರೆ ಅದಕ್ಕೆ ಹೊಂದುವ ನಕ್ಷೆಯನ್ನು ಕಂಪ್ಯೂಟರಿಗೆ ಮೊದಲೇ ತುಂಬಿರಬೇಕು; ಹಳೆಯ ನಕ್ಷೆಯಲ್ಲಿ ಒಮ್ಮೆ ಓಡಿಸಿ ನೋಡೋಣವೆಂಬ ಕುತೂಹಲ ಎಂಜಿನ್ನಿಗೆ ಒಳ್ಳೆಯದಲ್ಲ. ಬ್ಯಾಟರಿ ಬಿಚ್ಚಿದ್ದರಿಂದ ಕಂಪ್ಯೂಟರ್ ಕಲಿತ ಸಣ್ಣ ಹೊಂದಾಣಿಕೆಗಳು ಅಳಿಸಿಹೋಗಿ, ಮೊದಲ ಕೆಲವು ನಿಮಿಷ ಎಂಜಿನ್ ತಡವರಿಸುವುದು ಸಹಜ. ಅದು ನಿಲ್ಲದೆ ಮುಂದುವರಿದರೆ ಮ್ಯಾನಿಫೋಲ್ಡಿನೊಳಗೆ ಹೊಗೆ ತುಂಬಿ ನೋಡಬೇಕು. ಮರೆತ ಒಂದು ಪೆನ್ಸಿಲ್ ಗಾತ್ರದ ಹೋಸಿನ ತುದಿಯಿಂದ ಅದು ಹೊರಬರುವುದು ಕಾಣುತ್ತದೆ.

ಎಂಜಿನ್ ಒಮ್ಮೆ ಪೂರ್ತಿ ಕಾದು, ಪೂರ್ತಿ ತಣಿದ ಮೇಲೆ ಕೂಲೆಂಟಿನ ಮಟ್ಟವನ್ನು ಮತ್ತೆ ನೋಡಬೇಕು, ಹೊಸ ಹೆಡರಿನ ನಟ್‌ಗಳನ್ನು ಸೂಚನಾಪತ್ರ ಹೇಳಿದ್ದರೆ ಮತ್ತೊಮ್ಮೆ ಬಿಗಿಯಬೇಕು. ಎಂಜಿನ್ನಿನ ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನು ಅಲ್ಲಿಯ ತನಕ ಹಾಕದೆ ಬಿಡುವುದು ಜಾಣತನ, ಏಕೆಂದರೆ ಸೋರಿದ ಹನಿ ಆ ತಟ್ಟೆಯಲ್ಲಿ ಅಡಗಿ ಕೂರದೆ ನೇರ ನೆಲಕ್ಕೆ ಬೀಳುತ್ತದೆ. ರಾತ್ರಿ ಕಾರಿನ ಕೆಳಗೆ ಹಾಸಿದ ರಟ್ಟು ಬೆಳಿಗ್ಗೆ ಒಣಗಿಯೇ ಇದ್ದರೆ ತಟ್ಟೆಯನ್ನೂ ಅದರ ಎಲ್ಲ ಸ್ಕ್ರೂಗಳನ್ನೂ ಹಾಕಿ ಕಾರನ್ನು ಸ್ಟ್ಯಾಂಡಿನಿಂದ ಇಳಿಸಬಹುದು.